ಹಳೆಯ ಟ್ರಾನ್ಸ್‌ಫಾರ್ಮರ್ಸ್ ಕಾಮಿಕ್ಸ್ ಮತ್ತೆ ಓದುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

1991ರ ಜುಲೈ ತಿಂಗಳ ಹೆಸರಿನಲ್ಲಿ ಬಂದ ಟ್ರಾನ್ಸ್‌ಫಾರ್ಮರ್ಸ್ ಕಾಮಿಕ್ಸ್‌ನ ಕೊನೆಯ ಸಂಚಿಕೆಯ ಮುಖಪುಟದಲ್ಲಿ ಅದರ ಪ್ರಕಾಶಕರಾದ ಅಮೆರಿಕದ ಮಾರ್ವೆಲ್‌ನವರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡಿದ್ದಾರೆ: ಇದು ನಾಲ್ಕು ಸಂಚಿಕೆಗಳ ಮಾಲಿಕೆಯ 80ನೇ ಸಂಚಿಕೆಯಂತೆ! ಮಾತು ಸುಳ್ಳಲ್ಲ. 1984ರ ಸೆಪ್ಟೆಂಬರ್ ಸಂಚಿಕೆಯಿಂದ ಶುರುವಾದಾಗ ಇದು ನಾಲ್ಕೇ ಕಂತಿನಲ್ಲಿ ಮುಗಿಯಬೇಕಿದ್ದ ಕೆಲಸ. ಕಾರು, ಲಾರಿಯಾಗಿ ರೂಪ ಬದಲಿಸುವ ರೋಬೋ ಆಟಿಕೆ ಮಾರಿಕೊಡಲು ಹುಟ್ಟಿದ ಪುಸ್ತಕ ಏಳು ವರ್ಷ ಬದುಕಿತು. ನಡುವೆ ನಿಜಕ್ಕೂ ಒಳ್ಳೆಯ ಕತೆಗಳು ಬಂದವು, ತೀರಾ ಕಳಪೆಯವೂ ಬಂದವು.

ಈಗ ಅದನ್ನು ಮತ್ತೆ ಕೈಗೆತ್ತಿಕೊಳ್ಳುವವರಲ್ಲಿ ಎರಡು ಬಗೆಯವರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಬಾಲ್ಯದ ಸವಿ ಹುಡುಕಿ ಬಂದವರಿಗೆ ಹತ್ತನೇ ಸಂಚಿಕೆಯ ಹೊತ್ತಿಗೆ ನಿರಾಸೆ. ನಗಾಡಲೆಂದು ಬಂದವರಿಗೆ ಅಷ್ಟರಲ್ಲಿ ನಗು ಖರ್ಚಾಗಿರುತ್ತದೆ. ನಾನು ಹೇಳುವ ದಾರಿ ಬೇರೆ. ಇದು ಆಟಿಕೆ ಕಂಪನಿಯ ಲೈಸೆನ್ಸ್ ಮೇಲೆ ಬರೆದದ್ದು ಎಂಬುದನ್ನು ಮರೆಯಲು ಹೋಗಬೇಡಿ, ಅದನ್ನೇ ಎದುರಿಗಿಟ್ಟುಕೊಂಡು ಓದಿ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಯಾರೋ ಬರೆದಿಟ್ಟದ್ದು, ಅದನ್ನು ಬದಲಿಸುವ ಹಕ್ಕು ಅರ್ಥಧಾರಿಗಿಲ್ಲ. ಆದರೂ ಜನ ರಾತ್ರಿಯಿಡೀ ಕೂತು ಕೇಳುವುದು ಅರ್ಥಧಾರಿಯನ್ನೇ. ಇಲ್ಲೂ ಪದ್ಯ ಬರೆದುಕೊಟ್ಟದ್ದು ಹ್ಯಾಸ್ಬ್ರೊ ಕಂಪನಿ. ನಾವು ನೋಡಬೇಕಾದ್ದು ಅರ್ಥ ಹೇಳಿದವರನ್ನು.

ಹಂತ 1: ಯಾರದು ಏನು ಎಂದು ಮೊದಲು ತಿಳಿದುಕೊಳ್ಳಿ

ಆಟಿಕೆಗಳು ಅಮೆರಿಕದವಲ್ಲ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಮತ್ತು ಮೈಕ್ರೋಮ್ಯಾನ್ ಎಂಬ ಎರಡು ಸಾಲಿನ ಆಟಿಕೆಗಳನ್ನು ಹ್ಯಾಸ್ಬ್ರೊ ತಂದು ಹೊಸ ಹೆಸರಿಟ್ಟು ಮಾರಿತು. ಕಾರುಗಳು ಬಹುಪಾಲು ಡಯಾಕ್ಲೋನ್‌ನಿಂದ ಬಂದವು. ಪಿಸ್ತೂಲು, ಟೇಪ್‌ರೆಕಾರ್ಡರು, ಕ್ಯಾಸೆಟ್ಟು ಮೈಕ್ರೋಮ್ಯಾನ್‌ನವು. ಕೆಟ್ಟವರಾದ ಡಿಸೆಪ್ಟಿಕಾನ್‌ಗಳ ನಾಯಕ ಮೆಗಾಟ್ರಾನ್ ಕೈಯಲ್ಲಿ ಹಿಡಿಯುವ ಪಿಸ್ತೂಲಾದರೆ ಒಳ್ಳೆಯವರಾದ ಆಟೊಬಾಟ್‌ಗಳ ನಾಯಕ ಆಪ್ಟಿಮಸ್ ಪ್ರೈಮ್ ದೊಡ್ಡ ಲಾರಿಯಾಗುವುದು ಹೇಗೆ, ಇಬ್ಬರೂ ಒಂದೇ ಎತ್ತರ ಹೇಗೆ ಎಂದು ತಲೆಕೆಡಿಸಿಕೊಂಡವರಿಗೆ ಉತ್ತರ ಇಲ್ಲಿದೆ. ಒಂದೇ ಅಳತೆಯಲ್ಲಿ ಹುಟ್ಟದ ಗೊಂಬೆಗಳನ್ನು ಒಂದೇ ಯುದ್ಧಕ್ಕೆ ನಿಲ್ಲಿಸಿದ್ದಾರೆ.

ಆ ಗೊಂಬೆಗಳಿಗೆ ಕತೆ ಬೇಕಾದಾಗ ಹ್ಯಾಸ್ಬ್ರೊ ಮಾರ್ವೆಲ್ ಬಳಿಗೆ ಹೋಯಿತು. ಅಲ್ಲಿನ ಪ್ರಧಾನ ಸಂಪಾದಕ ಜಿಮ್ ಶೂಟರ್ ಮೂಲಕತೆಯ ಚೌಕಟ್ಟು ಹಾಕಿದರು. ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಡೆನ್ನಿ ಓನೀಲ್ ಕೊಟ್ಟದ್ದು. ಉಳಿದ ಬಹುತೇಕ ಹೆಸರುಗಳನ್ನೂ ಒಬ್ಬೊಬ್ಬರ ಸ್ವಭಾವವನ್ನೂ ಬರೆದವರು ಬಾಬ್ ಬುಡಿಯಾನ್ಸ್ಕಿ. ಈ ಮನುಷ್ಯನ ಹೆಸರು ನೆನಪಿಟ್ಟುಕೊಳ್ಳಿ. 5ನೇ ಸಂಚಿಕೆಯಿಂದ 55ನೆಯದರವರೆಗೆ, ನಡುನಡುವೆ ಬೇರೆಯವರ ಒಂದೆರಡು ಕತೆ ಬಿಟ್ಟರೆ, ಬರೆದವರೂ ಇವರೇ. 56ರಿಂದ 80ರವರೆಗೆ ಬ್ರಿಟನ್ನಿನ ಸೈಮನ್ ಫರ್ಮನ್. ಈ 80 ಸಂಚಿಕೆಗಳನ್ನು ಓದುವುದೆಂದರೆ ಮುಖ್ಯವಾಗಿ ಈ ಇಬ್ಬರನ್ನು ಓದುವುದು.

ಹಂತ 2: ಯಾವ ಪ್ರತಿ ಓದಬೇಕು

ಕತೆ ಮಾತ್ರ ಸಾಕೆನ್ನುವವರಿಗೆ ಮರುಮುದ್ರಣದ ಸಂಪುಟಗಳು ಸಾಕು. ಐಡಿಡಬ್ಲ್ಯೂ ಪ್ರಕಾಶನದ ‘ಕ್ಲಾಸಿಕ್ಸ್’ ಸಾಲಿನಲ್ಲಿ ಅಮೆರಿಕದ ಸಂಚಿಕೆಗಳು ಕ್ರಮವಾಗಿ ಬಂದಿವೆ. ಅವರ ಲೈಸೆನ್ಸ್ 2022ಕ್ಕೆ ಮುಗಿದದ್ದರಿಂದ ಈಗ ಹೊಸ ಪ್ರತಿಗಿಂತ ಹಳೆಯದನ್ನೇ ಹುಡುಕಬೇಕು.

ಆದರೆ ಒಂದೈದಾರು ಮೂಲ ಸಂಚಿಕೆಗಳನ್ನಾದರೂ ಕೈಯಲ್ಲಿ ಹಿಡಿದು ಓದಿ. ಸಂಪುಟಗಳಲ್ಲಿ ಎರಡು ಸಂಗತಿ ಕಾಣೆಯಾಗುತ್ತವೆ. ಒಂದು, ಜಾಹೀರಾತುಗಳು. ಒಂದು ಪುಟದಲ್ಲಿ ಸಾಯುತ್ತಿರುವ ರೋಬೋ, ಪಕ್ಕದ ಪುಟದಲ್ಲಿ ಮಿಠಾಯಿ ಅಥವಾ ವಿಡಿಯೋ ಗೇಮಿನ ಜಾಹೀರಾತು. ಆ ಕಾಲದ ಹುಡುಗರು ಓದಿದ್ದು ಹಾಗೆಯೇ. ಎರಡು, ಓದುಗರ ಪತ್ರಗಳ ಪುಟ. ಬ್ರಿಟಿಷ್ ಆವೃತ್ತಿಯಲ್ಲಂತೂ ಪತ್ರಗಳಿಗೆ ಉತ್ತರ ಕೊಡುತ್ತಿದ್ದವರು ಪಾತ್ರಗಳೇ: ಮೊದಲು ಸೌಂಡ್‌ವೇವ್, ಆಮೇಲೆ ಗ್ರಿಮ್‌ಲಾಕ್, ಮುಂದೆ ಡ್ರೆಡ್‌ವಿಂಡ್. ಯಾರು ಯಾರಿಗಿಂತ ಬಲಶಾಲಿ, ಸತ್ತವರು ಯಾವಾಗ ವಾಪಸು ಬರುತ್ತಾರೆ ಎಂಬ ಜಗಳಗಳು ಅಲ್ಲಿ ವಾರಗಟ್ಟಲೆ ನಡೆದಿವೆ.

ಕೊಳ್ಳುವಾಗ ಮುಖಪುಟದ ಎಡಗಡೆ ಕೆಳಮೂಲೆಯ ಚೌಕ ನೋಡಿ. ಅಲ್ಲಿ ಬಾರ್‌ಕೋಡ್ ಇದ್ದರೆ ಪೇಪರ್ ಅಂಗಡಿಗೆ ಹೋದ ಪ್ರತಿ. ಆರಂಭದ ವರ್ಷಗಳ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಮುಖ ಇದ್ದರೆ ಕಾಮಿಕ್ಸ್ ಅಂಗಡಿಗೆಂದೇ ಹೋದದ್ದು. ಓದುವವರಿಗೆ ಎರಡೂ ಒಂದೇ, ಬೆಲೆ ಹೇಳುವವರಿಗೆ ಅಲ್ಲ. ಕೊನೆಯ ಸಂಚಿಕೆಗಳು, ಅದರಲ್ಲೂ 80ನೆಯದು, ತುಟ್ಟಿ. ಅವನ್ನು ಸಂಪುಟದಲ್ಲೇ ಓದಿಕೊಳ್ಳಿ.

ಕಾಗದ ಅಗ್ಗದ ನ್ಯೂಸ್‌ಪ್ರಿಂಟ್. ಮರದ ತಿರುಳಿನ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುವುದರಿಂದ ಬೆಳಕು ಗಾಳಿ ತಗುಲಿದಂತೆ ಹಳದಿಯಾಗಿ ಅಂಚು ಮುರಿಯುತ್ತದೆ. ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಮ್ಲರಹಿತ ರಟ್ಟು, ನೇರ ಬಿಸಿಲು ಬೀಳದ ಕಪಾಟು ಬೇಕು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಸ್ಟೇಪಲ್ ಪಿನ್ನಿನ ಮೇಲೆ ಕಣ್ಣಿಡಬೇಕು. ತುಕ್ಕು ಮೊದಲು ಅಲ್ಲೇ ಹಿಡಿಯುವುದು, ಅಲ್ಲಿಂದ ನಡುಪುಟಕ್ಕೆ ಹಬ್ಬುವುದು. ನುಸಿಗುಳಿಗೆಯನ್ನು ಚೀಲದೊಳಗೆ ಹಾಕಬೇಡಿ. ಅದರ ವಾಸನೆ ಕಾಗದಕ್ಕೆ ಒಮ್ಮೆ ಹತ್ತಿದರೆ ಸುಲಭವಾಗಿ ಬಿಡುವುದಿಲ್ಲ.

ಹಂತ 3: ಒಂದು ಹಾಳೆಯಲ್ಲಿ ಮೂರು ಕಂಬಸಾಲು

ಇದು ಬೇಸರದ ಕೆಲಸ ಅನ್ನಿಸಬಹುದು. ಆದರೂ ಇಡೀ ಮರುಓದಿನಲ್ಲಿ ಹೆಚ್ಚು ಫಲ ಕೊಡುವುದು ಇದೇ. ಹಾಳೆಯ ಮೊದಲ ಕಂಬಸಾಲಿನಲ್ಲಿ ಸಂಚಿಕೆಯ ಸಂಖ್ಯೆ ಮತ್ತು ತಿಂಗಳು. (ಮುಖಪುಟದ ಮೇಲಿನ ತಿಂಗಳಿಗಿಂತ ಮುಂಚೆಯೇ ಪುಸ್ತಕ ಅಂಗಡಿಗೆ ಬಂದಿರುತ್ತಿತ್ತು.) ಎರಡನೆಯದರಲ್ಲಿ ಆ ಸಂಚಿಕೆಯಲ್ಲಿ ಹೊಸದಾಗಿ ಬಂದ ರೋಬೋಗಳು. ಮೂರನೆಯದರಲ್ಲಿ ಆ ರೋಬೋದ ಆಟಿಕೆ ಅಂಗಡಿಗೆ ಬಂದ ವರ್ಷ.

ಒಂದಿಷ್ಟು ಸಂಚಿಕೆ ಮುಗಿಯುವ ಹೊತ್ತಿಗೆ ಕತೆಯ ಅಸ್ಥಿಪಂಜರ ಕಣ್ಣಿಗೆ ಕಾಣತೊಡಗುತ್ತದೆ. ಡೈನೋಬಾಟ್‌ಗಳು, ಶಾಕ್‌ವೇವ್, ಬ್ಲಾಸ್ಟರ್, ಪರ್ಸೆಪ್ಟರ್, ಕನ್‌ಸ್ಟ್ರಕ್ಟಿಕಾನ್‌ಗಳು, ಎಲ್ಲರೂ 1985ರ ಆಟಿಕೆಗಳು. ಆ ವರ್ಷದ ಮತ್ತು ಮರುವರ್ಷದ ಸಂಚಿಕೆಗಳಲ್ಲಿ ಸಾಲುಗಟ್ಟಿ ಬಾಗಿಲು ತಟ್ಟುತ್ತಾರೆ. ಯಾರನ್ನು ತರಬೇಕು ಎಂಬುದು ಬುಡಿಯಾನ್ಸ್ಕಿ ಕೈಯಲ್ಲಿರಲಿಲ್ಲ. ಹೇಗೆ ತರಬೇಕು ಎಂಬುದಷ್ಟೇ ಅವರದು.

ಹಾಳೆಯಲ್ಲಿ ಮೂರನೆಯ ಸಾಲು ಖಾಲಿ ಉಳಿದ ಪಾತ್ರಗಳಿಗೆ ಕೆಂಪು ಗುರುತು ಹಾಕಿ. ಆಟಿಕೆ ಇಲ್ಲದ ರೋಬೋಗಳು ಅವು. ಬರಹಗಾರನಿಗೆ ಪೂರ್ತಿ ಸ್ವಾತಂತ್ರ್ಯ ಇರುವುದು ಅವರ ಮೇಲೆ ಮಾತ್ರ, ಹಾಗಾಗಿ ಅವರ ಆಯುಷ್ಯಕ್ಕೆ ಗ್ಯಾರಂಟಿಯೂ ಇಲ್ಲ.

ಹಂತ 4: ಮೊದಲ ನಾಲ್ಕನ್ನು ಬೇಗ, ಮುಂದಿನ ಎಂಟನ್ನು ನಿಧಾನ

1ರಿಂದ 4: ನಲವತ್ತು ಲಕ್ಷ ವರ್ಷಗಳ ಹಿಂದೆ ಸೈಬರ್‌ಟ್ರಾನ್ ಗ್ರಹದಿಂದ ಬಂದ ನೌಕೆ ಅಮೆರಿಕದ ಆರೆಗಾನ್‌ನ ಜ್ವಾಲಾಮುಖಿಗೆ ಬಡಿದು, 1984ರಲ್ಲಿ ಎಲ್ಲರೂ ಎದ್ದು ಕೂರುವ ಕತೆ. ಮೊದಲ ಸಂಚಿಕೆಯಲ್ಲಿ ಆಟೊಬಾಟ್‌ಗಳು ಸಾಲಾಗಿ ನಿಂತು ಒಬ್ಬೊಬ್ಬರೇ ತಮ್ಮ ಹೆಸರು, ತಮ್ಮ ಕಸುಬು ಹೇಳುತ್ತಾರೆ. ಓದಲು ಯಾತನೆ. ಆದರೂ ಹಾರಿಸಬೇಡಿ, ಅದು ಅಂಗಡಿಯ ಕಪಾಟಿನ ಪಟ್ಟಿ. 3ನೆಯದರಲ್ಲಿ ಕಪ್ಪು ಉಡುಪಿನ ಸ್ಪೈಡರ್‌ಮ್ಯಾನ್ ಬಂದುಹೋಗುತ್ತಾನೆ, ಮಾರಾಟಕ್ಕೆ ಇರಲಿ ಅಂತ. ಆಮೇಲೆ ಇವರ ಲೋಕ ಮಾರ್ವೆಲ್‌ನ ವೀರರ ಲೋಕದಿಂದ ಮೆಲ್ಲಗೆ ದೂರ ಸರಿಯುತ್ತದೆ.

4ನೆಯದರ ಕೊನೆಗೆ ವೇಗ ತಗ್ಗಿಸಿ. ಸ್ಪಾರ್ಕ್‌ಪ್ಲಗ್ ಎಂಬ ಗ್ಯಾರೇಜು ಮೆಕ್ಯಾನಿಕ್ ಶತ್ರುಗಳಿಗೆ ಕೊಟ್ಟ ಇಂಧನದಲ್ಲಿ ವಿಷ ಬೆರೆಸಿದ್ದಾನೆ. ಡಿಸೆಪ್ಟಿಕಾನ್‌ಗಳು ಕುಸಿಯುತ್ತಾರೆ, ಆಟೊಬಾಟ್‌ಗಳು ಗೆದ್ದರು. ನಾಲ್ಕು ಸಂಚಿಕೆಯ ಮಾಲಿಕೆ ಮುಗಿಯಬೇಕಾದ್ದು ಅಲ್ಲಿಯೇ. ಅಷ್ಟರಲ್ಲಿ ಶಾಕ್‌ವೇವ್ ಎಂಬ ಇನ್ನೊಬ್ಬ ಡಿಸೆಪ್ಟಿಕಾನ್ ಬಂದು ಗೆದ್ದವರನ್ನೆಲ್ಲ ಒಂದೇ ಏಟಿಗೆ ಕೆಡವುತ್ತಾನೆ. ಮಾಲಿಕೆ ಮುಂದುವರಿಯುತ್ತದೆ ಎಂದು ಮಕ್ಕಳಿಗೆ ಗೊತ್ತಾದದ್ದು ಹೀಗೆ.

ಈಗ 5ನೇ ಸಂಚಿಕೆ, 1985ರ ಜೂನ್. ಮೊದಲು ಮುಖಪುಟದ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಚಿತ್ರ ಮಾರ್ಕ್ ಬ್ರೈಟ್ ಅವರದು. ಪತ್ರಿಕೆಯ ಹೆಸರನ್ನೇ ಗೋಡೆಯ ಮೇಲಿನ ಬರಹವಾಗಿಸಿದ್ದಾರೆ. ಅದರ ಕೆಳಗೆ ಶಾಕ್‌ವೇವ್ ತನ್ನ ತೋಪಿನ ಕೈಯಿಂದ ಉಳಿದ ವಾಕ್ಯ ಸುಟ್ಟು ಬರೆದಿದ್ದಾನೆ: ಎಲ್ಲರೂ ಸತ್ತಿದ್ದಾರೆ. ಹೆಸರೂ ಬರಹವೂ ಸೇರಿದರೆ ಒಂದು ಪೂರ್ತಿ ವಾಕ್ಯ. ಒಳಗೆ ಇನ್ನೂ ಕೆಟ್ಟದ್ದಿದೆ. ಆಟೊಬಾಟ್‌ಗಳನ್ನು ನೌಕೆಯ ಛಾವಣಿಯಿಂದ ಮಾಂಸದಂಗಡಿಯಲ್ಲಿ ನೇತುಹಾಕಿದಂತೆ ನೇತುಹಾಕಿದ್ದಾನೆ, ಪ್ರೈಮ್‌ನ ತಲೆಯನ್ನು ಕತ್ತರಿಸಿ ಜೀವಂತ ಇಟ್ಟಿದ್ದಾನೆ. ಎಂಟು ಹತ್ತು ವರ್ಷದ ಹುಡುಗರ ಕೈಗೆ ಕೊಟ್ಟ ಆಟಿಕೆ ಪುಸ್ತಕದಲ್ಲಿ ಇದು! ಬುಡಿಯಾನ್ಸ್ಕಿ ಲೇಖಣಿ ಹಿಡಿದ ಮೊದಲ ಸಂಚಿಕೆಯೂ ಇದೇ.

ಅಲ್ಲಿಂದ 12ರವರೆಗೆ ಒಂದೇ ಕತೆಯಾಗಿ ಓದಿ. ಎಲ್ಲರೂ ಬಿದ್ದ ಮೇಲೆ ಉಳಿದವನು ವೈದ್ಯ ರ‍್ಯಾಚೆಟ್ ಒಬ್ಬನೇ. ಯುದ್ಧ ಬಾರದವನು ಯುದ್ಧ ನಡೆಸಬೇಕು. ಅವನು ಮೆಗಾಟ್ರಾನ್ ಜೊತೆ ಒಪ್ಪಂದ ಮಾಡಿಕೊಳ್ಳುವ ಭಾಗ ಈ ಎಂಟರಲ್ಲಿ ನನಗೆ ಅತ್ಯಂತ ಇಷ್ಟ.

ಹಂತ 5: ಕಡ್ಡಾಯದ ಪುಟಗಳಲ್ಲಿ ಬರಹಗಾರನ ಪುಟಗಳನ್ನು ಹುಡುಕಿ

13ರಿಂದ 23ರವರೆಗೆ ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಓದಬೇಕಾಗಿಲ್ಲ. 13ನೆಯದು ಬೇಕೇಬೇಕು: ನೆನಪು ಕಳೆದುಕೊಂಡು ಪಿಸ್ತೂಲಾಗಿಯೇ ಬಿದ್ದಿದ್ದ ಮೆಗಾಟ್ರಾನ್ ಒಬ್ಬ ಪುಡಿರೌಡಿಯ ಕೈಗೆ ಸಿಗುತ್ತಾನೆ. ಪಿಸ್ತೂಲಿನ ಆಟಿಕೆ ಎಂಬ ಅಡಚಣೆಯನ್ನೇ ಕತೆ ಮಾಡಿದ ರೀತಿ ನೋಡಿ. 15ನೆಯದರಲ್ಲಿ ಹೊಟ್ಟೆಪಾಡಿಗೆ ಕಾಮಿಕ್ಸ್ ಬರೆಯುವವನೊಬ್ಬನನ್ನು ಸರ್ಕಾರ ‘ರೋಬೋಗಳ ಒಡೆಯ’ನ ವೇಷ ಹಾಕಿ ಟಿವಿ ಮುಂದೆ ನಿಲ್ಲಿಸುತ್ತದೆ. ಬುಡಿಯಾನ್ಸ್ಕಿ ಕನ್ನಡಿ ನೋಡಿಕೊಂಡೇ ಬರೆದಿರಬೇಕು.

ಬಿಡಲೇಬಾರದ್ದು 17ನೆಯದು, 1986ರ ಜೂನ್. ಕತೆ ಭೂಮಿ ಬಿಟ್ಟು ಸೈಬರ್‌ಟ್ರಾನ್‌ಗೆ ಹೋಗುತ್ತದೆ. ಸೋತವರ ಬೀದಿಗಳು, ಇಂಧನಕ್ಕೆ ಕೈಚಾಚುವ ದಿಕ್ಕಿಲ್ಲದ ರೋಬೋಗಳು, ಹಿಡಿದು ತಂದವರನ್ನು ಕರಗಿಸಿ ಲೋಹ ಮಾಡುವ ಕುಲುಮೆಯ ಕೊಳ. ಸ್ಕ್ರೌಂಜ್ ಎಂಬ ಸಣ್ಣ ಗೂಢಚಾರ, ಯಾರೂ ಲೆಕ್ಕಕ್ಕಿಡದವನು, ಒಂದು ದೊಡ್ಡ ಸುದ್ದಿ ತಿಳಿದುಕೊಂಡು ಸಿಕ್ಕಿಬೀಳುತ್ತಾನೆ: ಪ್ರೈಮ್ ಭೂಮಿಯ ಮೇಲೆ ಬದುಕಿದ್ದಾನೆ. ಗೆಳೆಯ ಬ್ಲಾಸ್ಟರ್ ಹುಡುಕಿ ಬರುವ ಹೊತ್ತಿಗೆ ಸ್ಕ್ರೌಂಜ್ ಕೊಳದಲ್ಲಿದ್ದಾನೆ. ಸುದ್ದಿಯನ್ನು ದಾಟಿಸಿ ಕರಗಿಹೋಗುತ್ತಾನೆ. ನಿಮ್ಮ ಹಾಳೆ ತೆಗೆದು ನೋಡಿ: ಸ್ಕ್ರೌಂಜ್‌ಗೆ ಆಟಿಕೆ ಇಲ್ಲ, ಅವನನ್ನು ಕೊಲ್ಲುವ ಸ್ಟ್ರಾಕ್ಸಸ್‌ಗೂ ಆಗ ಇರಲಿಲ್ಲ. ಬ್ಲಾಸ್ಟರ್ ಆಟಿಕೆಯನ್ನು ಪರಿಚಯಿಸು ಎಂದು ಬಂದ ಆದೇಶವನ್ನು ಬುಡಿಯಾನ್ಸ್ಕಿ ಪಾಲಿಸಿದ್ದಾರೆ. ಆದರೆ ಪರಿಚಯ ಆಗಿರುವುದು ದುಃಖದ ಮೂಲಕ.

ಇದೇ ಕೈ ಮುಂದೆ 31ನೆಯದರಲ್ಲಿ ಕಾರ್ ತೊಳೆಯುವ ಅಂಗಡಿ ಜನರನ್ನು ವಶೀಕರಣ ಮಾಡುವ ಕತೆಯನ್ನೂ, 52–53ರಲ್ಲಿ ರೋಬೋಗಳನ್ನು ಹುರಿದು ತಿನ್ನುವವರ ಕತೆಯನ್ನೂ ಬರೆಯಿತು. ಬೇಸಿಗೆಯ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಕೆಲವರು ಇವನ್ನೇ ಹೆಚ್ಚು ಪ್ರೀತಿಸುತ್ತಾರೆ. ನಾನು ಆ ಪಂಗಡದವನಲ್ಲ.

ಹಂತ 6: 24ನೆಯದನ್ನು ಎರಡು ಸಲ ಓದಿ

1987ರ ಜನವರಿ. ಅದಕ್ಕೆ ಮುಂಚಿನ ಆಗಸ್ಟಿನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ಕಾರ್ಟೂನ್ ಸಿನಿಮಾದಲ್ಲಿ ಪ್ರೈಮ್ ಸತ್ತಿದ್ದ. ಹೊಸ ನಾಯಕನ ಆಟಿಕೆಗೆ ಜಾಗ ಬೇಕಿತ್ತು. ಕಾಮಿಕ್ಸ್‌ನಲ್ಲೂ ಅವನು ಸಾಯಬೇಕು, ಸರಿ. ಆದರೆ ಹೇಗೆ?

ಈಥನ್ ಜಕಾರಿ ಎಂಬ ಕಂಪ್ಯೂಟರ್ ಗೇಮ್ ಹುಚ್ಚಿನವನು ಇದ್ದಾನೆ. ಪ್ರೈಮ್ ಮತ್ತು ಮೆಗಾಟ್ರಾನ್ ತಮ್ಮ ಜಗಳವನ್ನು ಅವನ ವಿಡಿಯೋ ಗೇಮ್‌ನೊಳಗೆ ತೀರಿಸಿಕೊಳ್ಳಬೇಕು, ಸೋತವನನ್ನು ಸ್ಫೋಟಿಸಬೇಕು ಎಂಬ ಕರಾರು. ಪ್ರೈಮ್ ಗೆಲ್ಲುತ್ತಾನೆ. ಆದರೆ ಗೆಲ್ಲುವ ಭರದಲ್ಲಿ ಗೇಮ್‌ನೊಳಗಿನ ಒಂದಿಷ್ಟು ಅಮಾಯಕ ಜೀವಿಗಳು ಸತ್ತುಹೋಗುತ್ತವೆ. ಅವು ಬರೀ ಪರದೆಯ ಮೇಲಿನ ಬೊಂಬೆಗಳು. ಆದರೂ ನಾನು ಮೋಸದಿಂದ ಗೆದ್ದೆ, ಕರಾರಿನಂತೆ ನನ್ನನ್ನು ಸ್ಫೋಟಿಸು ಎನ್ನುತ್ತಾನೆ. ಈಥನ್ ಬೇಡವೆಂದರೂ ಕೊನೆಗೆ ಗುಂಡಿ ಒತ್ತುತ್ತಾನೆ.

ಮೊದಲ ಓದಿಗೆ ನಗು ಬರುತ್ತದೆ, ಬರಲಿ. ಎರಡನೆಯ ಸಲ ಗಮನಿಸಿ: ಆಜ್ಞೆ ಬಂದದ್ದು ಆಟಿಕೆಯವನನ್ನು ತೆಗೆ ಎಂದು. ಬುಡಿಯಾನ್ಸ್ಕಿ ಅದನ್ನು ‘ಜೀವ ಎಂದರೆ ಯಾವುದು, ಯಾರು ಲೆಕ್ಕಕ್ಕೆ ಬರುತ್ತಾರೆ’ ಎಂಬ ಪ್ರಶ್ನೆಯಾಗಿ ತಿರುಗಿಸಿದ್ದಾರೆ. ತಾನೇ ಯಂತ್ರವಾದವನು ಇನ್ನೂ ಸಣ್ಣ ಯಂತ್ರಜೀವಿಗಳ ಸಾವಿಗೆ ಪ್ರಾಣ ಕೊಡುತ್ತಾನೆ. ಕೊನೆಯ ಚೌಕದಲ್ಲಿ ಈಥನ್ ಕೈಯಲ್ಲಿ ಒಂದು ಫ್ಲಾಪಿ ಡಿಸ್ಕ್, ಅದರಲ್ಲಿ ಪ್ರೈಮ್‌ನ ಮನಸ್ಸು. 1988ರಲ್ಲಿ ಪವರ್‌ಮಾಸ್ಟರ್ ಪ್ರೈಮ್ ಎಂಬ ಹೊಸ ಆಟಿಕೆ ಅಂಗಡಿಗೆ ಬಂದಾಗ ಆ ಡಿಸ್ಕ್ ಕೆಲಸಕ್ಕೆ ಬಂತು.

ಹಂತ 7: ಬಣ್ಣದ ಬಗ್ಗೆ ಸಿಟ್ಟಾಗುವ ಮುನ್ನ

ಅಮೆರಿಕದ ಸಂಚಿಕೆಗಳಿಗೆ ಬಹುಕಾಲ ಬಣ್ಣ ಹಾಕಿದವರು ನೆಲ್ ಯೋಮ್ಟೋವ್. ಗುಂಪಿನ ದೃಶ್ಯ ಬಂತೆಂದರೆ ಹಿಂದೆ ನಿಂತವರೆಲ್ಲ ಒಂದೇ ಹಳದಿ, ಇಲ್ಲವೇ ಒಂದೇ ನೇರಳೆ. ಅಭಿಮಾನಿಗಳು ಇವತ್ತಿಗೂ ಇದನ್ನು ಆಡಿಕೊಳ್ಳುತ್ತಾರೆ. ಆ ಕಾಲದ ಮುದ್ರಣದಲ್ಲಿ ಕಪ್ಪು ಬಿಟ್ಟರೆ ಮೂರು ಶಾಯಿ. ಪ್ರತಿಯೊಂದನ್ನೂ ಇಲ್ಲ, ಕಾಲು, ಅರ್ಧ, ಪೂರ್ತಿ ಎಂಬ ನಾಲ್ಕು ಪ್ರಮಾಣದಲ್ಲಿ ಬೆರೆಸಿದರೆ ಒಟ್ಟು 64 ಬಣ್ಣ. ತಿಂಗಳಿಗೊಂದು ಪುಸ್ತಕ, ಒಂದೊಂದು ಚೌಕದಲ್ಲಿ ಹತ್ತು ಹದಿನೈದು ರೋಬೋ, ಪ್ರತಿಯೊಬ್ಬನಿಗೂ ಐದಾರು ಬಣ್ಣ. ಒಂದು ಪುಟ ತೆಗೆದುಕೊಂಡು ನೀವೇ ಎಣಿಸಿ ನೋಡಿ. ಆ ಒಂದೇ ಬಣ್ಣದ ಗುಂಪು ಎಷ್ಟೋ ಕಡೆ ಮುಂದೆ ನಿಂತವನತ್ತ ಕಣ್ಣು ತಿರುಗಿಸುತ್ತದೆ ಎಂಬುದೂ ಆಗ ಕಾಣುತ್ತದೆ. ಎಲ್ಲ ಕಡೆ ಅಲ್ಲ. ಕೆಲವು ಪುಟಗಳು ಬರೀ ಗಡಿಬಿಡಿ.

ಹಂತ 8: ಬ್ರಿಟನ್ನಿನ ಕವಲು

ಲಂಡನ್ನಿನ ಮಾರ್ವೆಲ್ ಯುಕೆ 1984ರ ಸೆಪ್ಟೆಂಬರ್‌ನಲ್ಲಿ ತನ್ನದೇ ಪತ್ರಿಕೆ ಶುರುಮಾಡಿತು. ಮೊದಲು ಹದಿನೈದು ದಿನಕ್ಕೊಂದು, ಆಮೇಲೆ ವಾರಕ್ಕೊಂದು. 1992ರ ಜನವರಿಯಲ್ಲಿ ನಿಲ್ಲುವ ಹೊತ್ತಿಗೆ 332 ಸಂಚಿಕೆ. ಅಮೆರಿಕದ ತಿಂಗಳ ಕತೆ ವಾರಪತ್ರಿಕೆಗೆ ಎಲ್ಲಿ ಸಾಕಾಗುತ್ತದೆ? ಉಳಿದ ವಾರಗಳನ್ನು ತುಂಬಲು ಬ್ರಿಟನ್ನಿನವರೇ ಕತೆ ಕಟ್ಟಿದರು, ಅದೂ ಅಮೆರಿಕದ ಕತೆಗೆ ವಿರೋಧ ಬಾರದಂತೆ, ಅದರ ಬಿರುಕುಗಳಲ್ಲಿ ತೂರಿಸಿ. ಮುಂದೆ ಬುಡಿಯಾನ್ಸ್ಕಿ ಏನು ಬರೆಯುತ್ತಾರೋ ಅದಕ್ಕೆ ಇವರೇ ಹೊಂದಿಕೊಳ್ಳಬೇಕಿತ್ತು. ಸೈಮನ್ ಫರ್ಮನ್ ಕೈ ಪಳಗಿದ್ದು ಈ ಕಸರತ್ತಿನಲ್ಲಿ.

ಎರಡೂ ಧಾರೆಯನ್ನು ಹೆಣೆದು ಓದುವ ಪಟ್ಟಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲ ಮರುಓದಿಗೆ ಅವು ಬೇಡ, ತಲೆ ಚಿಟ್ಟುಹಿಡಿಯುತ್ತದೆ. ಅಮೆರಿಕದ 24ನೆಯದನ್ನು ಮುಗಿಸಿ, 1986ರ ಸಿನಿಮಾ ನೋಡಿ, ಆಮೇಲೆ ಬ್ರಿಟನ್ನಿನ 78ರಿಂದ 88ರವರೆಗಿನ ‘ಟಾರ್ಗೆಟ್: 2006’ ಹಿಡಿಯಿರಿ. ಸಿನಿಮಾದ ಭವಿಷ್ಯದಿಂದ ಗ್ಯಾಲ್ವಟ್ರಾನ್ (ಮೆಗಾಟ್ರಾನ್‌ನ ಹೊಸ ರೂಪ) 1986ಕ್ಕೆ ಇಳಿದುಬರುವ ಕತೆ. ಬ್ರಿಟನ್ನಿನ ಥಿಯೇಟರುಗಳಿಗೆ ಸಿನಿಮಾ ಡಿಸೆಂಬರ್‌ನಲ್ಲಿ ಬರುವ ಮುಂಚೆಯೇ ಇದು ಶುರುವಾಗಿತ್ತು. ಸಿನಿಮಾದ ಪ್ರಚಾರ ಮಾಡಬೇಕಿದ್ದ ಹನ್ನೊಂದು ವಾರಗಳ ಕತೆ ಸಿನಿಮಾಕ್ಕಿಂತ ಚೆನ್ನಾಗಿದೆ ಎಂದರೆ ಜಗಳಕ್ಕೆ ಬರುವವರಿದ್ದಾರೆ. ಬರಲಿ.

ಇನ್ನೊಂದು ತಮಾಷೆ. ಲೈಸೆನ್ಸ್ ಪುಸ್ತಕದಲ್ಲಿ ಹುಟ್ಟಿದ ಪಾತ್ರ ಆಟಿಕೆ ಕಂಪನಿಯ ಪಾಲಾಗಬಹುದು. ಹಾಗಾಗದಿರಲೆಂದು ಡೆತ್ಸ್ ಹೆಡ್ ಎಂಬ ಬಾಡಿಗೆ ಬೇಟೆಗಾರನನ್ನು ಒಂದೇ ಪುಟದ ಬೇರೆ ಕತೆಯಲ್ಲಿ ತೋರಿಸಿ ಮಾರ್ವೆಲ್ ತನ್ನ ಹೆಸರಿಗೆ ಮಾಡಿಕೊಂಡಿತು. ಸರ್ಕಿಟ್ ಬ್ರೇಕರ್ ಎಂಬ ಹೆಣ್ಣು ಪಾತ್ರಕ್ಕೂ ಇದೇ ಉಪಾಯ: ಈ ಪುಸ್ತಕಕ್ಕೆ ಬರುವ ಮೊದಲು ಮಾರ್ವೆಲ್‌ನದೇ ‘ಸೀಕ್ರೆಟ್ ವಾರ್ಸ್ 2’ ಕಾಮಿಕ್ಸ್‌ನಲ್ಲಿ ಅವಳ ಮುಖ ಕಾಣಿಸಿಬಿಟ್ಟರು. ಮರುಮುದ್ರಣದ ಹೊತ್ತಿಗೆ ಇಂಥ ಪಾತ್ರಗಳು ವಕೀಲರಿಗೆ ಏಕೆ ಕೆಲಸ ಕೊಡುತ್ತವೆ ಎಂದು ಊಹಿಸಬಹುದು.

ಹಂತ 9: 50ರಲ್ಲಿ ಗುಡಿಸಿದ್ದು, 56ರಿಂದ ಕಟ್ಟಿದ್ದು

47ರಿಂದ 50ರ ಕತೆಯಲ್ಲಿ ಸ್ಟಾರ್‌ಸ್ಕ್ರೀಮ್ ಎಂಬ ಡಿಸೆಪ್ಟಿಕಾನ್ ಅಪಾರ ಶಕ್ತಿ ಪಡೆದು ಎರಡೂ ಕಡೆಯವರನ್ನು ಸಾಲುಸಾಲಾಗಿ ಕೆಡವುತ್ತಾನೆ. ಹಾಳೆಯ ಮೂರನೆಯ ಸಾಲು ನೋಡಿ: ಬಿದ್ದವರಲ್ಲಿ ಬಹುತೇಕರ ಆಟಿಕೆ ಆಗಲೇ ಹಳತಾಗಿತ್ತು. 51ರಿಂದ 55 ಬುಡಿಯಾನ್ಸ್ಕಿ ದಣಿದ ಸಂಚಿಕೆಗಳು. ಬೇಗ ದಾಟಿ.

56ನೆಯದು 1989ರ ಸೆಪ್ಟೆಂಬರ್, ಫರ್ಮನ್ ಬಂದರು. ಆಟಿಕೆಗಳ ಮಾರಾಟ ಇಳಿಮುಖವಾಗಿತ್ತು, ಕಂಪನಿಯ ಕಣ್ಣೂ ಸಡಿಲವಾಗಿತ್ತು. ಫರ್ಮನ್ ದೇವರನ್ನೂ ರಾಕ್ಷಸನನ್ನೂ ತಂದರು: ಪ್ರೈಮಸ್, ಯೂನಿಕ್ರಾನ್. ಬ್ರಿಟನ್ನಿನಲ್ಲಿ ಆಗಲೇ ಹೇಳಿದ್ದ ಈ ಸೃಷ್ಟಿಕತೆ ಅಮೆರಿಕದ 61ನೆಯದರಲ್ಲಿ ಮತ್ತೆ ಬರುತ್ತದೆ. 69ರಿಂದ ಆಂಡ್ರ್ಯೂ ವೈಲ್ಡ್‌ಮನ್ ಚಿತ್ರಗಳು. ಅವರ ರೋಬೋಗಳಿಗೆ ಹಲ್ಲಿದೆ, ಸುಕ್ಕಿದೆ, ನೋವಾದರೆ ಬಾಯಿಂದ ಎಂಜಲಿನಂಥದ್ದು ಜೋತುಬೀಳುತ್ತದೆ. ಲೋಹ ಹೀಗಿರುತ್ತದೆಯೇ ಎಂದು ಕೇಳಬಾರದು. 75ನೆಯದು ದುಪ್ಪಟ್ಟು ಗಾತ್ರದ್ದು, ಯೂನಿಕ್ರಾನ್ ಜೊತೆಗಿನ ಯುದ್ಧ. 56ರಿಂದ 75ನ್ನು ಆದಷ್ಟೂ ಒಟ್ಟಿಗೆ ಓದಿ, ನಡುವೆ ತಿಂಗಳುಗಟ್ಟಲೆ ಬಿಟ್ಟರೆ ಎಳೆ ತಪ್ಪುತ್ತದೆ. 76ರಿಂದ 80 ಅವಸರದ ಸಮಾಪ್ತಿ. ನಿಲ್ಲಿಸಿ ಎಂದು ಮೇಲಿನಿಂದ ಆಜ್ಞೆ ಬಂದದ್ದು ಪುಟಪುಟದಲ್ಲೂ ಗೊತ್ತಾಗುತ್ತದೆ.

80ರ ನಂತರ

ಎರಡು ದಾರಿಗಳಿವೆ, ಎರಡೂ ಫರ್ಮನ್ ಅವರವೇ, ಒಂದಕ್ಕೊಂದು ಕೂಡುವುದಿಲ್ಲ. 1993–94ರಲ್ಲಿ ಮಾರ್ವೆಲ್ ತಂದ ‘ಜನರೇಷನ್ 2’ ಹನ್ನೆರಡೇ ಸಂಚಿಕೆ. ಡೆರೆಕ್ ಯಾನಿಗರ್ ಅವರ ಕಪ್ಪುಶಾಯಿಯ ಅಬ್ಬರ ಕೆಲವರಿಗೆ ಹಿಡಿಸುವುದಿಲ್ಲ, ನನಗೆ ಬಹಳ ಹಿಡಿಸಿತು. 2012ರಿಂದ 2014ರವರೆಗೆ ಐಡಿಡಬ್ಲ್ಯೂ ತಂದ ‘ರೀಜನರೇಷನ್ ಒನ್’ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, 80ರಿಂದಲೇ ಎಣಿಕೆ ಮುಂದುವರಿಸಿ 100ಕ್ಕೆ ಮುಗಿಸುತ್ತದೆ. ಅದಕ್ಕೂ ಚಿತ್ರ ವೈಲ್ಡ್‌ಮನ್ ಅವರದು. ಮೊದಲನೆಯದನ್ನು ತಕ್ಷಣ ಓದಿ. ಎರಡನೆಯದಕ್ಕೆ ಒಂದಷ್ಟು ತಿಂಗಳು ಬಿಡುವು ಕೊಡಿ, ಇಲ್ಲದಿದ್ದರೆ ಯಾರು ಯಾವ ಕತೆಯಲ್ಲಿ ಸತ್ತರು ಎಂಬುದು ಕಲಸುಮೇಲೋಗರವಾಗುತ್ತದೆ. ಹಾಳೆಯ ಮೂರನೆಯ ಸಾಲನ್ನು ಮಾತ್ರ ಎರಡಕ್ಕೂ ಮುಂದುವರಿಸಿ. ‘ಜನರೇಷನ್ 2’ ಆಟಿಕೆಗಳನ್ನು ಮತ್ತೆ ಅಂಗಡಿಗೆ ತರುವ ಹೊತ್ತಿಗೆ ಬಂದ ಪುಸ್ತಕ. ‘ರೀಜನರೇಷನ್ ಒನ್’ ಬರುವಾಗ ಅಂಥ ಒತ್ತಾಯವೇನೂ ಇರಲಿಲ್ಲ. ಅದರಿಂದ ಕತೆಗೆ ಲಾಭವಾಯಿತೇ, ನಷ್ಟವಾಯಿತೇ ಎಂಬುದಕ್ಕೆ ನಿಮ್ಮ ಹಾಳೆ ನೋಡಿ ನೀವೇ ತೀರ್ಪು ಹೇಳಿ. ನನ್ನ ಓಟು ‘ಜನರೇಷನ್ 2’ಕ್ಕೆ.